ಉಳಿಸಲಾಗಿದೆ

ಬಸರಾಳಿನ ಹಾಲಿನ ಸೊಸೈಟಿಯಿಂದ ಫೋನು:
"ನಿಮ್ ಮಿಷನ್ನು ಸುಳ್ಳ್ ಯೋಳ್ತದೆ ಸಾ."
ಹೇಳಿದವಳು ಇಂದ್ರಾಣಿ, ಎರಡು ಹೊತ್ತೂ ಹಾಲು ಅಳೆದುಕೊಳ್ಳುವವಳು.
ಮಿಷನ್ನಿಗೆ ಸುಳ್ಳು ಬರುವುದಿಲ್ಲ ಎನ್ನಲು ಹೊರಟು
ನುಂಗಿಕೊಂಡು
ಮಂಡ್ಯದಲ್ಲಿ ನಾಗಮಂಗಲದ ಬಸ್ಸು ಹತ್ತಿದೆ.

ಮಂಗಳವಾರ ಸಂಜೆ, ದೇವೀರಮ್ಮ, ನಾಲ್ಕೂವರೆ ಲೀಟರು,
ಫ್ಯಾಟು ನಾಲ್ಕು ಪಾಯಿಂಟ್ ಒಂದು.
ಗುಂಡಿ ಒತ್ತಿದ್ದಾಳೆ. ಹಸಿರು ಪಟ್ಟಿ ಬಂದಿದೆ:
ಉಳಿಸಲಾಗಿದೆ.
ಬಟವಾಡೆಯ ದಿನ ಹಾಳೆ ತೆಗೆದರೆ
ಆ ಸಂಜೆ ದೇವೀರಮ್ಮನ ಹಸು
ಹಾಲೇ ಕೊಟ್ಟಿಲ್ಲ.

"ಕಳ್ಳಿ ಅಂದ್ಬುಟ್ರು ಸಾ," ಎಂದಳು
ಕ್ಯಾನಿನ ಮುಚ್ಚಳ ಒರೆಸುತ್ತ, ನನ್ನ ಮುಖ ನೋಡದೆ.

ಮೂರು ಕಿಟಕಿ ತೆರೆದಿಟ್ಟುಕೊಂಡು ಕೂರುತ್ತಾಳೆ.
ಒಂದರಲ್ಲಿ ಸದಸ್ಯರು, ಒಂದರಲ್ಲಿ ಹಾಲು, ಒಂದರಲ್ಲಿ ಬಟವಾಡೆ.
ಗೋಡೆಯಲ್ಲೂ ಒಂದಿದೆ, ಕಂಬಿಯದು. ಅದರಾಚೆ
ಸಾಲುಗಟ್ಟಿದ ತಂಬಿಗೆಗಳು, ಕೆಮ್ಮು,
"ಬಿರ್‌ಬಿರ್‍ನೆ ಅಳಿಯವ್ವ, ಗದ್ದೆಗ್ ನೀರ್ ಬುಟ್ಟ್ ಬಂದಿವ್ನಿ."

ತಪ್ಪನ್ನು ಮೊದಲು ವೈರಿನಲ್ಲಿ ಹುಡುಕಿದೆ.
ಆಮೇಲೆ ಕರೆಂಟಿನಲ್ಲಿ.
ಆಮೇಲೆ, ನಾಚಿಕೆಯಿಲ್ಲದೆ, ಅವಳ ಬೆರಳಿನಲ್ಲಿ:
"ನಿಧಾನಕ್ಕೆ ಒತ್ತಿ ತೋರಿಸಿ."
ಒತ್ತಿದಳು. ಹಸಿರು ಪಟ್ಟಿ. ಉಳಿಸಲಾಗಿದೆ.
ಕೋಷ್ಟಕ ಬಗೆದು ನೋಡಿದೆ. ಖಾಲಿ.

ಸಿಕ್ಕಿದ್ದು ದೀಪ ಹಚ್ಚುವ ಹೊತ್ತಿಗೆ.
ಹಾಲು ಬರೆದಾದ ಮೇಲೆ, ಹೆಸರು ಸರಿಯಿದೆಯೇ ಎಂದು
ಅವಳು ಸದಸ್ಯರ ಕಿಟಕಿಯನ್ನೊಮ್ಮೆ ಮುಟ್ಟುತ್ತಾಳೆ.
ಮುಟ್ಟಿದ್ದೇ ತಡ, ಗುಂಡಿ ಆ ಕಿಟಕಿಯ ಪಾಲು.
ಒತ್ತಿದರೆ, ಕೂದಲಷ್ಟೂ ಬದಲಾಗದ ದೇವೀರಮ್ಮನ ಹೆಸರನ್ನು
ಶ್ರದ್ಧೆಯಿಂದ ಮತ್ತೊಮ್ಮೆ ಉಳಿಸಿ
ಹಸಿರಾಗುತ್ತದೆ.
ಅದರ ಮಟ್ಟಿಗೆ ಸುಳ್ಳಲ್ಲ.
ಹಿಂದಿನ ಕಿಟಕಿಯಲ್ಲಿ ಹಾಲು
ಕೆಚ್ಚಲಿಗೂ ಕ್ಯಾನಿಗೂ ನಡುವೆ
ನಿಂತೇ ಇದೆ.

ಯಾರು ಉಳಿಸಿದರು? ಏನನ್ನು?
ಆ ಪದದೊಳಗೆ ಆಳಿಲ್ಲ.
ಪರಿಶೀಲಿಸಲಾಗಿದೆ, ಕ್ರಮ ಕೈಗೊಳ್ಳಲಾಗಿದೆ:
ಕೈಯೇ ಇಲ್ಲದೆ ಕೈಗೊಳ್ಳುವ
ತಾಲ್ಲೂಕು ಕಚೇರಿಯ ಕನ್ನಡ.
ಒಂಬತ್ತು ವರ್ಷದ ಹಿಂದೆ, ಸರಸ್ವತೀಪುರಂನ ಬಾಡಿಗೆ ಕೋಣೆಯಲ್ಲಿ
ಅದನ್ನು ಟೈಪು ಮಾಡಿದವನು ನಾನೇ.
ಊಟಕ್ಕೆ ಹೊತ್ತಾಗಿತ್ತು, ಅಷ್ಟು ನೆನಪು.

ಒಪ್ಪಿಕೊಂಡೆ. ಇಂದ್ರಾಣಿ ನಗಲಿಲ್ಲ.
"ನಾವು ಮಡಗಿದ್ರೆ ಮಡಗ್ದೆ ಅಂತೀವಿ.
ಏನ್ ಮಡಗ್ದೆ, ಎಲ್ ಮಡಗ್ದೆ ಅಂತ್ಲೂ ಯೋಳ್ತೀವಿ.
ಯೋಳೋಕ್ ಮುಂಚೆ ಒಂದ್ಸಲ
ಮುಚ್ಳ ತೆಗ್ದ್ ನೋಡ್ತೀವಿ."

ಅದನ್ನೇ ಬರೆದೆ. ಗುಂಡಿಯನ್ನು
ಹಾಲಿನ ಗೂಟಕ್ಕೇ ಕಟ್ಟಿದೆ, ಹಗ್ಗ ಗಿಡ್ಡ ಮಾಡಿ.
ಬರೆದದ್ದನ್ನು ಮತ್ತೆ ಓದಿ ನೋಡು,
ಕಂಡದ್ದನ್ನು ಹೇಳು,
ಕಾಣದಿದ್ದರೆ ಕಾಣಲಿಲ್ಲ ಅನ್ನು.

ಬಟವಾಡೆ ಕಿಟಕಿಯದು ಬೇರೆ ಕಾಯಿಲೆ.
ಏನನ್ನೂ ಮುಟ್ಟದೆ ಮುಚ್ಚಿದರೂ ಕೇಳುತ್ತದೆ:
ಬದಲಾವಣೆಗಳನ್ನು ಉಳಿಸಬೇಕೇ?
ತೆರೆದ ಕೂಡಲೇ ತಾನೇ ಇವತ್ತಿನ ತಾರೀಖು ಗೀಚಿಕೊಂಡು
ಯಾರೋ ಗೀಚಿದರೆಂದು ತಾನೇ ಬೆಚ್ಚುತ್ತದೆ.
ಅದನ್ನೂ ಸರಿಮಾಡಲೇ ಎಂದೆ, ಕಣ್ಣು ಗಡಿಯಾರದ ಮೇಲೆ.
"ಕೇಳ್ಕಳ್ಳಿ ಬುಡಿ ಸಾ.
ಕೇಳುದ್ರೆ ಯಾರ್ ಮಾನ ಹೋಯ್ತದೆ?"

ದೇವೀರಮ್ಮನ ಕಾರ್ಡು ಮುಂದಿಟ್ಟುಕೊಂಡು
ಮಂಗಳವಾರದ ಸಂಜೆಯನ್ನು ಮತ್ತೆ ತುಂಬಿದಳು.
ಎಂದಿನಂತೆ ಸದಸ್ಯರ ಕಿಟಕಿ ಮುಟ್ಟಿ, ಬಂದು, ಒತ್ತಿದಳು.
ಒಂದು ಉಸಿರಿನಷ್ಟು ತಡೆದು ಮೂಡಿತು:
ದೇವೀರಮ್ಮ, ಮಂಗಳವಾರ ಸಂಜೆ, ನಾಲ್ಕೂವರೆ ಲೀಟರು.
ಹಾಲಿನ ಲೆಕ್ಕದಲ್ಲಿ ನೋಡಿದೆ, ಇದೆ.

ಜೋರಾಗಿ ಓದಿದಳು, ಕಂಬಿಯ ಕಿಟಕಿಯ ಕಡೆ ತಿರುಗಿ.
ಹೊರಗೆ ತಂಬಿಗೆಗಳು ಸುಮ್ಮನಾದವು.
ಓದಿದವಳೇ ಡ್ರಾಯರಿನಿಂದ
ಆ ಬಟವಾಡೆಯ ದಿನ ಕೊಂಡ ನೂರು ಪುಟದ ನೋಟ್‌ಬುಕ್ಕು ತೆಗೆದು
ಪೆನ್ನು ಕೊಡವಿ
ಅದರಲ್ಲೂ ಬರೆದುಕೊಂಡಳು.